ಫಲನಿರ್ಣಯ ಪ್ರಕರಣ: ಅಂಡಾಶಯ ಕ್ಯಾನ್ಸರಿನ ಭವಿಷ್ಯವಾದಿಗಳ ಭೇದ-ಪ್ರಭೇದ

ಅನುಬಂಧ

ಶಾಸ್ತ್ರಗ್ರಂಥ ಬರೆಯುವವನು ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟೇ ಮುಂದಡಿ ಇಡಬೇಕೆಂಬುದು ಹಳೆಯ ಕಟ್ಟಳೆ. ವಿಷಯ ಯಾವುದು? ಮುಂದುವರಿದ ಹಂತದ ಅಂಡಾಶಯ ಕ್ಯಾನ್ಸರಿಗೆ ಕೊಡುವ ಚಿಕಿತ್ಸೆ ಯಾರಿಗೆ ಎಷ್ಟು ಫಲ ಕೊಡುತ್ತದೆಂದು ಮೊದಲೇ ಹೇಳುವ ವಿದ್ಯೆ. ಪ್ರಯೋಜನವೇನು? ಅದನ್ನು ಕಂಡುಹಿಡಿಯಲೆಂದೇ ಈ ಗ್ರಂಥ ಹೊರಟಿದೆ. ಸಂಬಂಧ? ಹೇಳುವವರದು ಮತ್ತು ಹೇಳಿಸಿಕೊಳ್ಳುವವರದು. ನಡುವೆ ರಬ್ಬರ್ ಬ್ಯಾಂಡು ಸುತ್ತಿದ ಒಂದು ದಪ್ಪ ಫೈಲು. ಅಧಿಕಾರಿ, ಅಂದರೆ ಓದಲು ಅರ್ಹರು ಯಾರು? ಆ ಫೈಲನ್ನು ಮಡಿಲಲ್ಲಿಟ್ಟುಕೊಂಡು ಸರದಿಗೆ ಕಾದವರು, ಅವರ ಜೊತೆಗೆ ಬಂದವರು, ಮತ್ತು ವೈದ್ಯರಲ್ಲಿ ತಮ್ಮನ್ನು ತಾವೇ ನೋಡಿ ನಗಬಲ್ಲವರು.

ರೋಗದ ಪರಿಚಯ ಎರಡು ಮಾತಿನಲ್ಲಿ. 2022ರಲ್ಲಿ ಜಗತ್ತಿನ ಸುಮಾರು 3.2 ಲಕ್ಷ ಮಹಿಳೆಯರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಹೊಟ್ಟೆ ಉಬ್ಬರ, ಅಜೀರ್ಣ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಮುಂತಾದ ಮಾಮೂಲಿ ದೂರುಗಳ ಮರೆಯಲ್ಲಿ ಬೆಳೆಯುವುದರಿಂದ ಹೆಚ್ಚಿನವರಲ್ಲಿ ಇದು ಕೈಗೆ ಸಿಕ್ಕುವುದೇ ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿ. ಮೂರು ಎಂದರೆ ಕಿಬ್ಬೊಟ್ಟೆ ದಾಟಿ ಉದರದ ಒಳಪೊರೆಗೆ ಹರಡಿದೆ. ನಾಲ್ಕು ಎಂದರೆ ಎದೆಗೂಡಿನ ನೀರಿಗೋ ಲಿವರಿನ ಒಳಗೋ ಹೋಗಿದೆ. ಚಿಕಿತ್ಸೆಯ ಮೈಕಟ್ಟು ಎಲ್ಲೆಡೆ ಒಂದೇ: ಕಂಡದ್ದನ್ನೆಲ್ಲ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ, ಮೂರು ವಾರಕ್ಕೊಮ್ಮೆಯಂತೆ ಆರು ಸುತ್ತು ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಗಳು. ಮೊದಲ ಸಲ ಬಹುಪಾಲು ಮಂದಿಯಲ್ಲಿ ರೋಗ ಮಣಿಯುತ್ತದೆ. ಅವರಲ್ಲಿ ಹಲವರಿಗೆ ಮರಳಿ ಬರುತ್ತದೆ. ಯಾರಿಗೆ ಬರುತ್ತದೆ, ಯಾರಿಗೆ ಇಲ್ಲ ಎಂಬ ಜಾಗದಲ್ಲಿ ನಮ್ಮ ಭವಿಷ್ಯವಾದಿಗಳು ಅಂಗಡಿ ಇಟ್ಟಿದ್ದಾರೆ.

ಅವರು ಏಳು ಬಗೆ: ರಕ್ತವಾದಿ, ದರ್ಶನವಾದಿ, ಶೇಷವಾದಿ, ಕಾಲವಾದಿ, ಬೀಜವಾದಿ, ಯಂತ್ರವಾದಿ, ಅಂದಾಜುವಾದಿ. ಎಂಟನೆಯದೊಂದಿದೆ, ಅದಕ್ಕೆ ಅಂಕಪಟ್ಟಿಗಳಲ್ಲಿ ಜಾಗವಿಲ್ಲದ್ದರಿಂದ ಕೊನೆಗೆ ಬರುತ್ತದೆ.

ಮೊದಲನೆಯದು: ರಕ್ತವಾದಿ

ಲಕ್ಷಣ: ಸೂಜಿ ಚುಚ್ಚಿದ ಕಡೆ ಭವಿಷ್ಯ ಕಾಣುವವನು ರಕ್ತವಾದಿ.

ಇವನ ಮೂಲಮಂತ್ರ ರಕ್ತದಲ್ಲಿ ಸಿಗುವ ಸಿಎ-125 ಎಂಬ ಪ್ರೋಟೀನು. 1981ರಲ್ಲಿ ಅಮೆರಿಕದ ರಾಬರ್ಟ್ ಬ್ಯಾಸ್ಟ್ ಮತ್ತು ಸಂಗಡಿಗರು ಇಲಿಗಳಿಗೆ ಅಂಡಾಶಯ ಕ್ಯಾನ್ಸರಿನ ಕೋಶಗಳನ್ನು ಚುಚ್ಚಿ, ಅವಕ್ಕೆ ಎದುರಾಗಿ ಹುಟ್ಟಿದ ಪ್ರತಿಕಾಯಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಹೋದರು. 125ನೆಯದು ಕೆಲಸಕ್ಕೆ ಬಂತು, ಆ ಸಂಖ್ಯೆಯೇ ಹೆಸರಾಗಿ ಉಳಿಯಿತು. 1983ರ ವರದಿಯಲ್ಲಿ 35 ಎಂಬ ಗಡಿ ಹಾಕಿದರು: 888 ಆರೋಗ್ಯವಂತರಲ್ಲಿ ಶೇ 1ರಷ್ಟು ಮಂದಿ ಅದನ್ನು ದಾಟಿದ್ದರೆ, 101 ರೋಗಿಗಳಲ್ಲಿ ಶೇ 82 ಮಂದಿ ದಾಟಿದ್ದರು. ಅಂದಿನಿಂದ ಪ್ರಯೋಗಾಲಯದ ಚೀಟಿಯ ಬಲಬದಿಯಲ್ಲಿ 35 ಎಂಬುದು ಲಕ್ಷ್ಮಣರೇಖೆಯಾಗಿ ಕೂತಿದೆ. ರಕ್ತವಾದಿಯಲ್ಲಿ ಮೂರು ಪ್ರಭೇದ.

ಏಕಾಂಕಿ. ಒಂದೇ ಅಂಕಿ ನೋಡಿ ಮುಖ ಅರಳಿಸುವವನು ಅಥವಾ ಬಾಡಿಸುವವನು. ಚಿಕಿತ್ಸೆಗೆ ಮೊದಲಿನ ಅಂಕಿ 300 ಇದ್ದವರಿಗೆ ಒಳ್ಳೆಯದು, 3,000 ಇದ್ದವರಿಗೆ ಕೆಟ್ಟದ್ದು ಎಂದು ಇವನು ನಂಬಿರುತ್ತಾನೆ. ಆ ಅಂಕಿಯಾದರೋ ಎಂಡೊಮೆಟ್ರಿಯೋಸಿಸ್‌ಗೂ ಏರುತ್ತದೆ, ಮುಟ್ಟಿಗೂ ಏರುತ್ತದೆ, ಲಿವರ್ ಕಾಯಿಲೆಗೂ ಏರುತ್ತದೆ. ನಮ್ಮ ದೇಶದಲ್ಲಂತೂ ಹೊಟ್ಟೆಯ ಕ್ಷಯ ಇದೇ ವೇಷ ಹಾಕಿ ಬಂದು, ಕ್ಯಾನ್ಸರೆಂದು ಹೊಟ್ಟೆ ತೆರೆದವರನ್ನು ಪೆಚ್ಚಾಗಿಸಿದ ಪ್ರಸಂಗಗಳು ವೈದ್ಯಪತ್ರಿಕೆಗಳಲ್ಲಿ ಬೇಕಾದಷ್ಟಿವೆ.

ಇಳಿಜಾರಿ. ಇವನಿಗೆ ಎತ್ತರ ಮುಖ್ಯವಲ್ಲ, ಇಳಿಯುವ ವೇಗ ಮುಖ್ಯ. ಫ್ರಾನ್ಸಿನ ಲಿಯೋನ್ ನಗರದ ಬೆನ್ವಾ ಯೂ ಮತ್ತು ಅವರ ಬಳಗ ಕಟ್ಟಿದ ‘ಕೆಲಿಮ್’ ಎಂಬ ಲೆಕ್ಕ ಈ ಪಂಥದ್ದು. ಕೀಮೋ ಶುರುವಾದ ಮೊದಲ 100 ದಿನಗಳಲ್ಲಿ ಕನಿಷ್ಠ ಮೂರು ಸಲ ಸಿಎ-125 ನೋಡಿ, ಅದು ದೇಹದಿಂದ ಎಷ್ಟು ಚುರುಕಾಗಿ ತೊಲಗುತ್ತಿದೆ ಎಂದು ಗಣಿತ ಹಾಕುವುದು. ಉತ್ತರ 1 ಅಥವಾ ಹೆಚ್ಚು ಬಂದರೆ ಔಷಧಕ್ಕೆ ಗಡ್ಡೆ ಮಣಿಯುತ್ತಿದೆ. ಮುಂದಿನ ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ತೆಗೆಯುವ ಸಾಧ್ಯತೆಯೂ ಹೆಚ್ಚು. ಕಡಿಮೆ ಬಂದರೆ ಬೇರೆ ಯೋಚನೆಗೆ ಇನ್ನೂ ಸಮಯವಿದೆ. ಇಡೀ ಪ್ರಕರಣದಲ್ಲಿ ಅಗ್ಗವಾದ ವಿದ್ಯೆ ಇದು: ಹೇಗೂ ತೆಗೆಯುವ ರಕ್ತ, ಹೇಗೂ ಬರುವ ಅಂಕಿ, ಮೇಲೊಂದು ಲೆಕ್ಕ. ಅಗ್ಗವಾದ್ದರಿಂದಲೋ ಏನೋ, ಇದರ ಜಾಹೀರಾತು ಕಡಿಮೆ.

ಏರಿಕೆಭೀತ. ಚಿಕಿತ್ಸೆ ಮುಗಿದ ಮೇಲೆ ಹುಟ್ಟುವ ಜಾತಿ. ಬಹುತೇಕ ರೋಗಿಯ ಮನೆಯಲ್ಲೇ ವಾಸ. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಾಲಾಗಿ ಬರೆದಿರುತ್ತದೆ: 14, 17, 16, 22. ಹದಿನೇಳು ಹದಿನಾರಾದ ದಿನ ಮನೆಯಲ್ಲಿ ಪಾಯಸ. ಇಪ್ಪತ್ತೆರಡಾದ ದಿನ ಯಾರೂ ಸರಿಯಾಗಿ ಊಟ ಮಾಡುವುದಿಲ್ಲ. ನಾಲ್ಕೂ 35ರ ಒಳಗೇ ಇವೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಭಯಕ್ಕೆ ಮದ್ದೆಂಬಂತೆ 2010ರಲ್ಲಿ ಬ್ರಿಟನ್ನಿನ ಗಾರ್ಡನ್ ರಸ್ಟಿನ್ ನೇತೃತ್ವದ ಪ್ರಯೋಗವೊಂದರ ಫಲಿತಾಂಶ ಬಂತು. ಅಂಕಿ ಏರಿದ 529 ಮಹಿಳೆಯರಲ್ಲಿ ಅರ್ಧ ಮಂದಿಗೆ ಏರಿದ ಕೂಡಲೇ ಮತ್ತೆ ಕೀಮೋ; ಉಳಿದರ್ಧಕ್ಕೆ ಮೈಗೆ ತೊಂದರೆ ಕಾಣಿಸಿಕೊಂಡ ಮೇಲೆ. ಮೊದಲನೆಯವರಿಗೆ ಸುಮಾರು ಐದು ತಿಂಗಳು ಮುಂಚೆ ಚಿಕಿತ್ಸೆ ಸಿಕ್ಕಿತು. ಅರ್ಧ ಮಂದಿ ಬದುಕಿದ್ದ ಅವಧಿ ಅವರಲ್ಲಿ 25.7 ತಿಂಗಳು, ಕಾದವರಲ್ಲಿ 27.1. ಅಂದರೆ ವ್ಯತ್ಯಾಸವೇ ಇಲ್ಲ. ಬೇಗ ಶುರುಮಾಡಿದವರ ನೆಮ್ಮದಿ ಮಾತ್ರ ಬೇಗ ಹಾಳಾಯಿತು. ಮುಂಚಿತವಾಗಿ, ಸರಿಯಾಗಿ ತಿಳಿದೂ ಏನೂ ಲಾಭವಾಗದ ಭವಿಷ್ಯಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ಶಾಸ್ತ್ರದಲ್ಲಿಲ್ಲ. ಓದುಗರು ಇದನ್ನು ನೆನಪಿಟ್ಟುಕೊಳ್ಳಬೇಕು.

ಎರಡನೆಯದು: ದರ್ಶನವಾದಿ

ಲಕ್ಷಣ: ಇಣುಕಿ ನೋಡಿ ಹೇಳುವವನು ದರ್ಶನವಾದಿ.

ಹೊರಗಿನಿಂದ ಸಿ.ಟಿ. ಯಂತ್ರದಲ್ಲಿ ಇಣುಕುವವರು, ಒಳಗೆ ಕ್ಯಾಮೆರಾ ತೂರಿಸಿ ಇಣುಕುವವರು ಎಂದು ಎರಡು ಪ್ರಭೇದ. ರಾಗಿ ಕಾಳಿನಷ್ಟು ಗಂಟುಗಳು ಕರುಳಿನ ಮೇಲೆ ಚೆಲ್ಲಿದ್ದರೆ ಸಿ.ಟಿ.ಗೆ ಹಲವು ಸಲ ಕಾಣುವುದಿಲ್ಲ. ಆದ್ದರಿಂದ ಎರಡನೆಯವರೇ ಕುಲೀನರು.

ಇವರ ಪೀಠ ರೋಮ್. ಅಲ್ಲಿನ ಅನ್ನಾ ಫಗೊಟ್ಟಿ ಮತ್ತು ಸಂಗಡಿಗರು 2006ರಲ್ಲಿ ಒಂದು ಅಂಕಪಟ್ಟಿ ಪ್ರಕಟಿಸಿದರು. ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ ಗಾಳಿ ತುಂಬಿ ಕ್ಯಾಮೆರಾ ಇಳಿಸಿದ ಮೇಲೆ ಏಳು ಕಡೆ ಕಣ್ಣು ಹಾಯಿಸಬೇಕು. ಕರುಳಿನ ಮುಂದೆ ಇಳಿಬಿದ್ದ ಕೊಬ್ಬಿನ ಪರದೆ ಓಮೆಂಟಮ್ ಗಟ್ಟಿ ಹಲಗೆಯಾಗಿದೆಯೇ? ಉದರಪೊರೆಯ ತುಂಬ ಗಂಟುಗಳಿವೆಯೇ? ವಪೆಯ ಅಡಿಭಾಗ ಬೆಳ್ಳಗೆ ಹೆಪ್ಪುಗಟ್ಟಿದೆಯೇ? ಕರುಳನ್ನು ಹಿಡಿದಿಟ್ಟ ಪೊರೆ ಸೆಟೆದು ಮುದುಡಿದೆಯೇ? ಕರುಳು, ಜಠರ, ಲಿವರ್ ತಟ್ಟಿಸಿಕೊಂಡಿವೆಯೇ? ಹೌದು ಎಂದ ಪ್ರತಿಯೊಂದಕ್ಕೂ 2 ಅಂಕ, ಒಟ್ಟು 14. ಶಾಲೆಯ ಅಂಕಗಳಿಗೆ ವಿರುದ್ಧವಾಗಿ ಇಲ್ಲಿ ಹೆಚ್ಚು ಬಂದವರು ಅನುತ್ತೀರ್ಣರು: 8 ಅಥವಾ ಮೇಲೆ ಬಂದರೆ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯನ್ನು ತೃಪ್ತಿಕರವಾಗಿ ತೆಗೆಯಲಾಗದು, ಮೊದಲು ಕೀಮೋ ಕೊಡಿ ಎಂದು ಅರ್ಥ.

ಇಣುಕಿದ್ದರಿಂದ ಲಾಭವಿದೆ. ನೆದರ್ಲೆಂಡ್ಸಿನಲ್ಲಿ 201 ಮಹಿಳೆಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲೇ ಇಣುಕದೆ ಹೊಟ್ಟೆ ತೆರೆದವರಲ್ಲಿ ಶೇ 39 ಮಂದಿಗೆ ಆ ಶಸ್ತ್ರಚಿಕಿತ್ಸೆ ವ್ಯರ್ಥವಾಯಿತು. ಇಣುಕಿ ನೋಡಿ ನಿರ್ಧರಿಸಿದವರಲ್ಲಿ ಶೇ 10 ಮಂದಿಗೆ ಮಾತ್ರ.

ಆದರೆ ಟೀಕಾಕಾರನ ಕಣ್ಣು ಬೇರೆಡೆ ಇದೆ. 8 ಎಂಬ ಗಡಿಯನ್ನು ರೋಮಿನ ಅದೇ ತಂಡ ಕೆಲವು ವರ್ಷಗಳ ನಂತರ 10ಕ್ಕೆ ಏರಿಸಿತು. ನಡುವಿನ ವರ್ಷಗಳಲ್ಲಿ ಗಡ್ಡೆಗಳೇನೂ ಮೃದುವಾಗಲಿಲ್ಲ. ಶಸ್ತ್ರಚಿಕಿತ್ಸಕರ ಕೈ ಪಳಗಿತು, ಧೈರ್ಯ ಬೆಳೆಯಿತು. ರೋಗಿಯ ಹೊಟ್ಟೆಗೆ ಹಾಕಿದ ಅಂಕದಲ್ಲಿ ವೈದ್ಯರ ಅಂಕವೂ ಸೇರಿತ್ತು ಎಂದಾಯಿತು. ಒಂದು ಊರಿನಲ್ಲಿ ‘ಆಗದು’ ಎಂದದ್ದು ಇನ್ನೊಂದು ಊರಿನಲ್ಲಿ ಆಗುವುದು ಈ ಕಾರಣಕ್ಕೆ. ಎರಡನೆಯ ಅಭಿಪ್ರಾಯ ಕೇಳುವುದು ಮೊದಲನೆಯವರಿಗೆ ಅವಮಾನವಲ್ಲ, ಅಂಕಪಟ್ಟಿಯ ಮರುಮೌಲ್ಯಮಾಪನ.

ಮೂರನೆಯದು: ಶೇಷವಾದಿ

ಲಕ್ಷಣ: ಒಳಗೆ ಉಳಿದದ್ದನ್ನು ಅಳೆದು ಹೇಳುವವನು ಶೇಷವಾದಿ.

1975ರಲ್ಲಿ ಬಾಸ್ಟನ್ನಿನ ಗ್ರಿಫಿತ್ಸ್ ಎಂಬ ಶಸ್ತ್ರಚಿಕಿತ್ಸಕರು, ತೆಗೆದದ್ದೆಷ್ಟು ಎಂಬುದಕ್ಕಿಂತ ಬಿಟ್ಟದ್ದೆಷ್ಟು ಎಂಬುದರ ಮೇಲೆ ಆಯಸ್ಸು ನಿಂತಿದೆ ಎಂದು ಲೆಕ್ಕ ಕೊಟ್ಟರು. ಅಲ್ಲಿಂದ ಶೇಷವಾದಿಗಳಲ್ಲಿ ಸೆಂಟಿಮೀಟರಿನ ಜಗಳ ಶುರು. ಎರಡು ಸೆಂಟಿಮೀಟರಿಗಿಂತ ಚಿಕ್ಕದು ಉಳಿದರೆ ‘ಉತ್ತಮ’ ಎಂದದ್ದು ಹಳೆಯ ಮಠ. ಒಂದು ಎಂದದ್ದು ಸುಧಾರಿತ ಮಠ. ಬರಿಗಣ್ಣಿಗೆ ಏನೂ ಕಾಣಬಾರದು ಎಂಬುದು ಈಗಿನ ಮಠ. ಒಂದೇ ಶಸ್ತ್ರಚಿಕಿತ್ಸೆ ಮೂರು ಕಾಲದಲ್ಲಿ ಮೂರು ದರ್ಜೆ ಪಡೆಯಬಹುದಾದ ಏಕೈಕ ಪರೀಕ್ಷೆ ಇದು.

ಈಗಿನ ಮಠಕ್ಕೆ ಆಧಾರ ಗಟ್ಟಿಯಾಗಿಯೇ ಇದೆ. ಜರ್ಮನಿಯ ಆಂಡ್ರಿಯಾಸ್ ದು ಬ್ವಾ ಮತ್ತು ಸಂಗಡಿಗರು ಮೂರು ದೊಡ್ಡ ಪ್ರಯೋಗಗಳ 3,126 ಮಹಿಳೆಯರ ದಾಖಲೆ ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದರು. ಕಣ್ಣಿಗೆ ಏನೂ ಉಳಿಯದವರಲ್ಲಿ ಅರ್ಧ ಮಂದಿ 99.1 ತಿಂಗಳು ದಾಟಿದರು. ಒಂದರಿಂದ ಹತ್ತು ಮಿಲಿಮೀಟರ್ ಉಳಿದವರಲ್ಲಿ ಅದು 36.2 ತಿಂಗಳು, ಅದಕ್ಕಿಂತ ದೊಡ್ಡದು ಉಳಿದವರಲ್ಲಿ 29.6. ನೋಡಿ: ಸೆಂಟಿಮೀಟರ್‌ಗೂ ಮಿಲಿಮೀಟರ್‌ಗೂ ನಡುವೆ ಏಳು ತಿಂಗಳು, ಮಿಲಿಮೀಟರ್‌ಗೂ ಸೊನ್ನೆಗೂ ನಡುವೆ ಐದು ವರ್ಷಕ್ಕಿಂತ ಹೆಚ್ಚು.

ಆದರೂ ಎರಡು ಆಕ್ಷೇಪ ಉಳಿದಿವೆ. ಒಂದು: ಸೊನ್ನೆ ಬಂದದ್ದು ಕತ್ತರಿಯ ಪುಣ್ಯವೋ, ತೆಗೆಯಿಸಿಕೊಳ್ಳಲು ಒಪ್ಪಿದ ಗಡ್ಡೆಯ ಸ್ವಭಾವವೋ? ಸುಲಭವಾಗಿ ಕೈಗೆ ಬರುವ ಗಡ್ಡೆ ಮೊದಲೇ ಸಾಧುವಾಗಿದ್ದಿರಬಹುದು. ಎರಡು: ಎಷ್ಟು ಉಳಿಯಿತೆಂದು ಬರೆಯುವವರು ಕೊಯ್ದವರೇ. ಉತ್ತರಪತ್ರಿಕೆ ಬರೆದವರೇ ಅಂಕ ಹಾಕುವ ಈ ಪದ್ಧತಿಯಲ್ಲಿ, ತಿಂಗಳೊಳಗೆ ತೆಗೆದ ಸಿ.ಟಿ. ಅವರ ಬರಹಕ್ಕೆ ಒಪ್ಪದ ಪ್ರಸಂಗಗಳು ದಾಖಲಾಗಿವೆ.

ಶೇಷವಾದಿಗಳದೇ ಒಂದು ಉಪಶಾಖೆ ಸೂಕ್ಷ್ಮದರ್ಶಕದ ಮುಂದೆ ಕೂತಿದೆ. ಮೊದಲು ಕೀಮೋ ಕೊಟ್ಟು ಆಮೇಲೆ ಕೊಯ್ದಾಗ ಓಮೆಂಟಮಿನ ಒಂದು ತುಂಡನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿ ನೋಡುತ್ತಾರೆ. ಜೀವಂತ ಗಡ್ಡೆ ಹಾಗೇ ತುಂಬಿದ್ದರೆ 1. ನಡುನಡುವೆ ಸತ್ತು ನಾರುಗಟ್ಟಿದ್ದರೆ 2. ಎಲ್ಲೆಡೆ ನಾರು, ಕೊಬ್ಬು ನುಂಗಿ ನೊರೆಯಂತಾದ ಭಕ್ಷಕಕೋಶಗಳು, ಮೂಲೆಯಲ್ಲೆಲ್ಲೋ ನಾಲ್ಕಾರು ಗಡ್ಡೆಕೋಶಗಳು ಮಾತ್ರ ಇದ್ದರೆ 3. ಲಂಡನ್ನಿನಿಂದ 2015ರಲ್ಲಿ ಬಂದ ಈ ಮೂರಂಕದ ಪಟ್ಟಿ ಸರಳ, ಎಲ್ಲ ಊರಿನಲ್ಲೂ ಮಾಡಬಹುದಾದದ್ದು. 3 ಬಂದವರ ದಾರಿ ಉಳಿದವರಿಗಿಂತ ಹಸನು. ಕೊರತೆಯೊಂದೇ: ಅಷ್ಟು ಹೊತ್ತಿಗೆ ಕೀಮೋದ ದೊಡ್ಡ ಪಾಲೂ ಮುಗಿದಿರುತ್ತದೆ, ಶಸ್ತ್ರಚಿಕಿತ್ಸೆಯೂ ಮುಗಿದಿರುತ್ತದೆ.

ನಾಲ್ಕನೆಯದು: ಕಾಲವಾದಿ

ಲಕ್ಷಣ: ಕ್ಯಾಲೆಂಡರ್ ನೋಡಿ ಹೇಳುವವನು ಕಾಲವಾದಿ. ಪಂಚಾಂಗದವರಿಗೂ ಇವನಿಗೂ ವ್ಯತ್ಯಾಸವೆಂದರೆ ಇವನು ಹಿಂದಿನ ವರ್ಷದ ಕ್ಯಾಲೆಂಡರ್ ನೋಡುತ್ತಾನೆ.

ಕಾರ್ಬೊಪ್ಲಾಟಿನ್‌ನಂಥ ಪ್ಲಾಟಿನಮ್ ಔಷಧದ ಕೊನೆಯ ಸುತ್ತಿನಿಂದ ರೋಗ ಮರಳುವವರೆಗೆ ಎಷ್ಟು ತಿಂಗಳು ಎಂಬುದೇ ಇವನ ಲಗ್ನ. ಚಿಕಿತ್ಸೆ ನಡೆಯುತ್ತಿರುವಾಗಲೇ ಬೆಳೆದರೆ ‘ಅವಿಧೇಯ’. ಆರು ತಿಂಗಳೊಳಗೆ ಮರಳಿದರೆ ‘ನಿರೋಧಕ’. ಆರು ದಾಟಿದರೆ ‘ಸಂವೇದಿ’, ಅಂದರೆ ಅದೇ ಔಷಧ ಮತ್ತೆ ನಡೆಯುತ್ತದೆ. ಈ ಆರರ ಗೋಡೆಯ ಮೇಲೆ ದಶಕಗಳ ಪ್ರಯೋಗಗಳು ನಿಂತಿವೆ.

ಗೋಡೆ ಎಲ್ಲಿಂದ ಬಂತು? 1991ರಲ್ಲಿ ಮೌರಿ ಮಾರ್ಕ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕದಲ್ಲಿ, 5ರಿಂದ 12 ತಿಂಗಳ ಬಿಡುವಿನ ನಂತರ ಪ್ಲಾಟಿನಮ್ ಮತ್ತೆ ಕೆಲಸ ಮಾಡಿದ್ದು ಶೇ 27 ಮಂದಿಗೆ, 13ರಿಂದ 24 ತಿಂಗಳಾದವರಲ್ಲಿ ಶೇ 33, ಎರಡು ವರ್ಷ ದಾಟಿದವರಲ್ಲಿ ಶೇ 59. ಇದು ನಿಧಾನವಾಗಿ ಏರುವ ದಾರಿ. ಎಲ್ಲಿಯೂ ಗೋಡೆ ಇಲ್ಲ. ಗೋಡೆ ಕಟ್ಟಿದ್ದು ನಮ್ಮ ಅನುಕೂಲಕ್ಕೆ. ಐದು ತಿಂಗಳು ಇಪ್ಪತ್ತೊಂಬತ್ತು ದಿನಕ್ಕೆ ಸ್ಕ್ಯಾನ್ ಮಾಡಿಸಿದವರು ನಿರೋಧಕರಾಗುತ್ತಾರೆ; ಮಗಳ ಮದುವೆ ಮುಗಿಸಿ ಮುಂದಿನ ವಾರ ಬಂದವರು ಸಂವೇದಿಗಳಾಗುತ್ತಾರೆ. ಗಡ್ಡೆಗೆ ಮದುವೆಯ ವಿಷಯ ತಿಳಿದಿರುವುದಿಲ್ಲ. ಈಚಿನ ಅಂತರರಾಷ್ಟ್ರೀಯ ಸಮ್ಮೇಳನಗಳೂ ಗೋಡೆಯನ್ನು ಒಡೆಯುವ ಮಾತಾಡಿವೆ. ಕ್ಲಿನಿಕ್ಕುಗಳಲ್ಲಿ ಅದಿನ್ನೂ ಭದ್ರವಾಗಿ ನಿಂತಿದೆ.

ಐದನೆಯದು: ಬೀಜವಾದಿ

ಲಕ್ಷಣ: ಹುಟ್ಟಿನಲ್ಲೇ ಬರೆದದ್ದನ್ನು ಓದುವವನು ಬೀಜವಾದಿ. ಹಣೆಬರಹದ ಮಾತು ಆಧುನಿಕವಾಗಿ ಮರಳಿದ್ದು ಇವನಿಂದ.

2011ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ ಈ ಕ್ಯಾನ್ಸರಿನ ಮುಖ್ಯ ಜಾತಿಯ 489 ಗಡ್ಡೆಗಳ ಜೀನುಗಳನ್ನು ಜಾಲಾಡಿತು. ಟಿಪಿ53 ಎಂಬ ಜೀನು ಶೇ 96ರಲ್ಲಿ ಕೆಟ್ಟಿತ್ತು. ರೋಗ ಹೇಗೆ ಹುಟ್ಟುತ್ತದೆಂದು ತಿಳಿಯಲು ಅಮೂಲ್ಯ. ಭವಿಷ್ಯ ಹೇಳಲು ನಿಷ್ಪ್ರಯೋಜಕ. ಎಲ್ಲರ ಹಣೆಯ ಮೇಲೂ ಇರುವ ಬರಹ ಯಾರನ್ನೂ ಬೇರೆ ಮಾಡುವುದಿಲ್ಲ. ಬೇರೆ ಮಾಡಿದ್ದು ಮತ್ತೊಂದು ಸಂಗತಿ: ಸುಮಾರು ಅರ್ಧದಷ್ಟು ಗಡ್ಡೆಗಳಲ್ಲಿ ಮುರಿದ ಡಿಎನ್‌ಎಯನ್ನು ನಿಖರವಾಗಿ ಬೆಸೆಯುವ ವ್ಯವಸ್ಥೆಯೇ ಕೆಟ್ಟಿದೆ.

ಆ ವ್ಯವಸ್ಥೆಯ ಪ್ರಸಿದ್ಧ ಕೆಲಸಗಾರರು ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2. ಬಿಆರ್‌ಸಿಎ1 ಕೆಟ್ಟು ಹುಟ್ಟಿದವರಿಗೆ 80ನೆಯ ವಯಸ್ಸಿನೊಳಗೆ ಅಂಡಾಶಯ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇ 44, ಬಿಆರ್‌ಸಿಎ2 ಆದರೆ ಶೇ 17. ಇಲ್ಲೊಂದು ವಕ್ರತೆ ಇದೆ. ರೋಗ ತಂದ ದೋಷವೇ ಚಿಕಿತ್ಸೆಯ ಬಾಗಿಲನ್ನೂ ತೆರೆಯುತ್ತದೆ. ಪ್ಲಾಟಿನಮ್ ಡಿಎನ್‌ಎಯನ್ನು ಮುರಿಯುತ್ತದೆ; ಬೆಸೆಯಲು ಬಾರದ ಗಡ್ಡೆ ಸಾಯುತ್ತದೆ. ಬದಲಿ ದುರಸ್ತಿದಾರನಾದ ಪಾರ್ಪ್ ಎಂಬ ಕಿಣ್ವವನ್ನೂ ಮಾತ್ರೆಯಿಂದ ಕಟ್ಟಿಹಾಕಿದರೆ ಅದಕ್ಕೆ ದಿಕ್ಕೇ ಇರುವುದಿಲ್ಲ. ಈ ಬಗೆಯ ಮಾತ್ರೆ ಓಲಾಪರಿಬ್ ಅಮೆರಿಕದಲ್ಲಿ ಮೊದಲ ಪರವಾನಗಿ ಪಡೆದದ್ದು 2014ರ ಡಿಸೆಂಬರಿನಲ್ಲಿ. 2018ರಲ್ಲಿ ಬಂದ ‘ಸೋಲೊ-1’ ಪ್ರಯೋಗದಲ್ಲಿ ಬಿಆರ್‌ಸಿಎ ದೋಷವಿದ್ದ 391 ಮಹಿಳೆಯರಿದ್ದರು. ಮೂರು ವರ್ಷಗಳ ಹೊತ್ತಿಗೆ ರೋಗ ಮರಳದೆ ಇದ್ದವರು ಮಾತ್ರೆ ನುಂಗಿದವರಲ್ಲಿ ಶೇ 60, ಹುಸಿಮಾತ್ರೆಯವರಲ್ಲಿ ಶೇ 27. ಏಳು ವರ್ಷಕ್ಕೆ ಬದುಕಿದ್ದವರು ಶೇ 67, ಮತ್ತೊಂದು ಕಡೆ ಶೇ 46.5.

ಬೀಜವಾದಿಗೂ ಸೋಲಿದೆ. ಔಷಧದ ಒತ್ತಡದಲ್ಲಿ ಗಡ್ಡೆ ಕೆಲವು ಸಲ ತನ್ನ ಕೆಟ್ಟ ಜೀನನ್ನು ಮತ್ತೊಮ್ಮೆ ತಿದ್ದಿಕೊಂಡು ಸರಿಮಾಡಿಕೊಳ್ಳುತ್ತದೆ ಎಂದು 2008ರಲ್ಲೇ ತಿಳಿದಿದೆ. ದುರಸ್ತಿದೋಷ ಅಳೆಯುವ ಪರೀಕ್ಷೆಗಳಾದರೋ, 42 ಅಥವಾ ಹೆಚ್ಚು ಬಂದರೆ ಹೌದು, ಇಲ್ಲವಾದರೆ ಇಲ್ಲ ಎನ್ನುವಂಥವು, ಜೀನೋಮಿನ ಮೇಲೆ ಹಿಂದೆ ಬಿದ್ದ ಕಲೆಗಳನ್ನು ಎಣಿಸುತ್ತವೆ. ಕಲೆ ಹಿಂದಿನದನ್ನು ಹೇಳುತ್ತದೆ. ಗಡ್ಡೆ ಇವತ್ತು ದುರಸ್ತಿ ಕಲಿತಿದೆಯೇ ಎಂಬುದನ್ನು ಹೇಳುವುದಿಲ್ಲ.

ಆರನೆಯದು: ಯಂತ್ರವಾದಿ

ಲಕ್ಷಣ: ಹೇಗೆ ಹೇಳಿದನೆಂದು ತಾನೇ ಹೇಳಲಾರದವನು ಯಂತ್ರವಾದಿ.

ಸಾವಿರಾರು ಜೀನುಗಳ ಚಟುವಟಿಕೆಯನ್ನೋ ಸ್ಕ್ಯಾನಿನ ಲಕ್ಷಾಂತರ ಚುಕ್ಕೆಗಳನ್ನೋ ಕಂಪ್ಯೂಟರಿಗೆ ಉಣಿಸಿ ಫಲ ಕೇಳುವವರು ಇವರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2019ರಲ್ಲಿ 364 ಮಹಿಳೆಯರ ಸಿ.ಟಿ. ಚಿತ್ರಗಳಿಂದ 657 ಗಣಿತಗುಣಗಳನ್ನು ಹಿಂಡಿ, ಕೊನೆಗೆ ನಾಲ್ಕನ್ನು ಉಳಿಸಿಕೊಂಡು, ಎರಡು ವರ್ಷವೂ ಕಷ್ಟವಾಗುವ ಶೇ 5ರಷ್ಟು ಮಂದಿಯನ್ನು ಗುರುತಿಸಬಲ್ಲೆವೆಂದರು. ಕಣ್ಣಿಗೆ ಕಾಣದ ಒರಟುತನ ಯಂತ್ರಕ್ಕೆ ಕಂಡಿತು, ಇರಲಿ.

ಈ ಪಂಥದ ದುರಂತಕಥೆ ಡ್ಯೂಕ್ ವಿಶ್ವವಿದ್ಯಾಲಯದ್ದು. ಯಾವ ಗಡ್ಡೆಗೆ ಯಾವ ಕೀಮೋ ಎಂದು ಜೀನುಗಳಿಂದಲೇ ಹೇಳುತ್ತೇವೆಂದು ಅಲ್ಲಿಂದ 2006ರಲ್ಲಿ ಒಂದು, 2007ರಲ್ಲಿ ಅಂಡಾಶಯ ಕ್ಯಾನ್ಸರಿನದೇ ಇನ್ನೊಂದು ಪ್ರಬಂಧ ಬಂತು. ಹ್ಯೂಸ್ಟನ್ನಿನ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಎಂಬ ಲೆಕ್ಕಿಗರು ಅದನ್ನು ತಾವೂ ಮಾಡಿನೋಡಲು ಕೂತರು. ಮೊದಲ ಪ್ರಬಂಧದ ಜೀನುಗಳ ಪಟ್ಟಿ ಒಂದು ಸಾಲು ಜಾರಿತ್ತು. ಪ್ರತಿ ಹೆಸರಿನ ಮುಂದೆ ಪಕ್ಕದವನ ಅಂಕಿ ಕೂತಿತ್ತು. ಅಂಡಾಶಯದ ಪ್ರಬಂಧದಲ್ಲಿ ಮಾದರಿಗಳನ್ನು ಯಂತ್ರದಲ್ಲಿ ಓಡಿಸಿದ ಕಂತುಗಳ ವ್ಯತ್ಯಾಸವೇ ಆಯಸ್ಸಿನ ವ್ಯತ್ಯಾಸದಂತೆ ಕಾಣುತ್ತಿರಬಹುದೆಂದು ಅವರು 2008ರಲ್ಲಿ ಬರೆದರು. ಅಂದರೆ ಯಂತ್ರ ಓದಿದ್ದು ಗಡ್ಡೆಯ ಗುಟ್ಟನ್ನಲ್ಲ, ಪ್ರಯೋಗಾಲಯದ ದಿನಚರಿಯನ್ನು. ಮೊದಲನೆಯ ಪ್ರಬಂಧ 2011ರಲ್ಲೂ ಎರಡನೆಯದು 2012ರಲ್ಲೂ ವಾಪಸಾದವು.

ಯಂತ್ರವಾದಿಯನ್ನು ಪರೀಕ್ಷಿಸಲು ಒಂದು ಅಳತೆ ಇದೆ. ಇಬ್ಬರು ರೋಗಿಗಳನ್ನು ತೋರಿಸಿ ಯಾರು ಹೆಚ್ಚು ಕಾಲ ಬದುಕುತ್ತಾರೆಂದು ಕೇಳುವುದು. ಎಂದೂ ತಪ್ಪದವನಿಗೆ 1. ನಾಣ್ಯ ಚಿಮ್ಮಿದರೆ 0.5. ಪ್ರಕಟವಾಗುವ ಮಾದರಿಗಳಲ್ಲಿ ಹಲವು 0.6, 0.7ರ ಆಸುಪಾಸಿನಲ್ಲಿ ಸುಳಿಯುತ್ತವೆ. ಬೇರೆ ಊರಿನ ಆಸ್ಪತ್ರೆಯ ದಾಖಲೆ ಕೊಟ್ಟಾಗ ಇನ್ನಷ್ಟು ನಾಣ್ಯದ ಕಡೆಗೆ ವಾಲುತ್ತವೆ.

ಏಳನೆಯದು: ಅಂದಾಜುವಾದಿ

ಲಕ್ಷಣ: ಕಣ್ಣಂದಾಜಿನಲ್ಲಿ ಹೇಳುವ, ಅಥವಾ ಹೇಳದೆ ಮೇಲೆ ಕೈ ತೋರಿಸುವ ವೈದ್ಯನೇ ಅಂದಾಜುವಾದಿ.

ಶಿಕಾಗೋದ ನಿಕೋಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲ್ಯಾಮಂಟ್ 2000ದಲ್ಲಿ ಇವರನ್ನೂ ತೂಗಿ ನೋಡಿದರು. ಕೊನೆಗಾಲದ ಆರೈಕೆಗೆ ಬಂದ 468 ರೋಗಿಗಳ ಬಗ್ಗೆ 343 ವೈದ್ಯರನ್ನು ಎಷ್ಟು ದಿನ ಎಂದು ಕೇಳಿದರು. ಸರಿ ಎನ್ನಬಹುದಾದ ಅಂದಾಜು ಶೇ 20. ಶೇ 63 ಅಂದಾಜುಗಳು ನಿಜಕ್ಕಿಂತ ಹೆಚ್ಚಾಗಿದ್ದವು. ರೋಗಿಯನ್ನು ಹೆಚ್ಚು ಕಾಲದಿಂದ ಬಲ್ಲ ವೈದ್ಯರ ಅಂದಾಜು ಇನ್ನೂ ಹೆಚ್ಚು ತಪ್ಪಿತ್ತು. ಇದನ್ನು ದೋಷವೆಂದು ಎಣಿಸಬೇಕೋ ಗುಣವೆಂದೋ ಎಂಬಲ್ಲಿ ಶಾಸ್ತ್ರಕಾರರಿಗೆ ಒಮ್ಮತವಿಲ್ಲ.

ಎಂಟನೆಯದು: ಅನುಕ್ತ

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಅಲ್ಲಿಯಾಗಲಿ ಬೇರೆಡೆಯಾಗಲಿ ಹೊರರೋಗಿ ವಿಭಾಗದಲ್ಲಿ ಅರ್ಧ ಗಂಟೆ ಕೂತವರಿಗೆ ಎಂಟನೆಯ ವರ್ಗ ಕಾಣುತ್ತದೆ: ಊರಿಂದ ರಾತ್ರಿ ಬಸ್ಸು ಹತ್ತಿ ಬಂದವರು ಆರು ಸುತ್ತೂ ಮುಗಿಸುತ್ತಾರೆಯೇ, ಜೀನ್ ಪರೀಕ್ಷೆಗೂ ಅದು ಹೇಳಿದ ಮಾತ್ರೆಗೂ ದುಡ್ಡು ಹೊಂದುತ್ತದೆಯೇ, ಇಂಥ ಕೊಯ್ತಕ್ಕೆ ಪಳಗಿದ ಕೈ ಎಷ್ಟು ದೂರದಲ್ಲಿದೆ. ಬಾಸ್ಟನ್, ರೋಮ್, ಲಿಯೋನ್, ಲಂಡನ್‌ಗಳಲ್ಲಿ ಹುಟ್ಟಿದ ಮೇಲಿನ ಯಾವ ಅಂಕಪಟ್ಟಿಯಲ್ಲೂ ಇವುಗಳಿಗೆ ಒಂದಂಕವೂ ಇಲ್ಲ. ಮೂರನೆಯ ಸುತ್ತಿಗೆ ಬಾರದವರ ಕೆಲಿಮ್ ಎಷ್ಟೆಂದು ಯಾವ ಗಣಿತವೂ ಹೇಳದು.

ಸೂತ್ರ

ವರ್ಗಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ನಿಯಮ ಕಣ್ಣಿಗೆ ಹೊಡೆಯುತ್ತದೆ. ಮೊದಲ ದಿನದ ಒಂಟಿ ಅಂಕಿ ಹೇಳುವುದು ತೀರಾ ಕಡಿಮೆ. ಇಣುಕುನೋಟ ಸ್ವಲ್ಪ ಹೆಚ್ಚು ಹೇಳುತ್ತದೆ. ಕೊಯ್ದ ಮೇಲಿನ ಶೇಷ, ಸೂಕ್ಷ್ಮದರ್ಶಕದ ಮೂರಂಕ, ಮರಳಿ ಬಂದ ಮೇಲಿನ ತಿಂಗಳೆಣಿಕೆ ಒಂದಕ್ಕಿಂತ ಒಂದು ನಿಖರ. ತಡವಾದಷ್ಟೂ ನಿಖರ, ನಿಖರವಾದಷ್ಟೂ ನಿರುಪಯೋಗಿ. ಊಟ ಮುಗಿಸಿ ಕೈ ತೊಳೆದವನು ಅಡುಗೆಯ ರುಚಿಯ ಬಗ್ಗೆ ನುಡಿಯುವ ಭವಿಷ್ಯ ಎಂದೂ ತಪ್ಪುವುದಿಲ್ಲ.

ಪೂರ್ವಪಕ್ಷ ಮತ್ತು ಸಿದ್ಧಾಂತ

ಮೊದಲ ಆಕ್ಷೇಪ: ಬಿಆರ್‌ಸಿಎ ಪರೀಕ್ಷೆ ಮೊದಲ ದಿನವೇ ಆಗುತ್ತದೆ, ಉಪಯೋಗಕ್ಕೂ ಬರುತ್ತದೆ, ಸೂತ್ರ ಮುರಿಯಿತಲ್ಲ? ಉತ್ತರ: ಮುರಿಯಲಿಲ್ಲ, ತಿದ್ದುಪಡಿಯಾಯಿತು. ಆ ಪರೀಕ್ಷೆ ಬೆಲೆಬಾಳುವುದು ಭವಿಷ್ಯ ಚೆನ್ನಾಗಿ ಹೇಳುತ್ತದೆಂದಲ್ಲ. ಅದರ ಬೆನ್ನಿಗೆ ಒಂದು ಮಾತ್ರೆ ನಿಂತಿದೆಯೆಂದು. ಇದಕ್ಕೆ ಎದುರು ಸಾಕ್ಷಿ ಬೇಕೇ? 2003ರಲ್ಲಿ ಪೆನ್ಸಿಲ್ವೇನಿಯಾದವರು 186 ಗಡ್ಡೆಗಳನ್ನು ಪರೀಕ್ಷಿಸಿ, ಗಡ್ಡೆಯೊಳಕ್ಕೆ ಟಿ-ಕೋಶಗಳೆಂಬ ರೋಗನಿರೋಧಕ ಕೋಶಗಳು ನುಗ್ಗಿದ್ದವರಲ್ಲಿ ಐದು ವರ್ಷ ಬದುಕಿದವರು ಶೇ 38, ನುಗ್ಗದವರಲ್ಲಿ ಶೇ 4.5 ಎಂದರು. ಭವಿಷ್ಯವಾಗಿ ಇಷ್ಟು ಚೂಪಾದದ್ದು ಅಪರೂಪ. ಆದರೆ ಆ ಕೋಶಗಳನ್ನು ಹುರಿದುಂಬಿಸುವ ಔಷಧಗಳು ಮೊದಲ ಸುತ್ತಿನ ಚಿಕಿತ್ಸೆಯಲ್ಲಿ ‘ಜಾವೆಲಿನ್’, ‘ಐಮ್ಯಾಜಿನ್’ ಎಂಬ ದೊಡ್ಡ ಪ್ರಯೋಗಗಳಲ್ಲಿ ಕೈಕೊಟ್ಟವು. ಆ ಚೂಪು ಅಲ್ಲಿ ಆಯುಧವಾಗಲಿಲ್ಲ. ಆದ್ದರಿಂದ ತಿದ್ದಿದ ಸೂತ್ರ: ಬೇರೆ ದಾರಿ ಕೈಯಲ್ಲಿದ್ದರೆ ಭವಿಷ್ಯವೂ ಚಿಕಿತ್ಸೆ, ಇಲ್ಲದಿದ್ದರೆ ಅದು ಸುದ್ದಿ.

ಎರಡನೆಯ ಆಕ್ಷೇಪ ತೂಕದ್ದು. ಔಷಧ ಬದಲಾಗದಿದ್ದರೂ ಜನ ತಿಳಿಯಲು ಬಯಸುತ್ತಾರೆ. ಮಗನ ಪರೀಕ್ಷೆ, ಮನೆಯ ಸಾಲ, ಅಕ್ಕತಂಗಿಯರೊಡನೆ ಇತ್ಯರ್ಥವಾಗದ ಮಾತು ಇವೆಲ್ಲ ಇವೆ. ಒಪ್ಪಿದೆ. ದಾರಿ ಎಂದರೆ ಔಷಧದ ದಾರಿಯೇ ಆಗಬೇಕಿಲ್ಲ. ಆದರೆ ಅದಕ್ಕೆ ಒಂಟಿ ಅಂಕಿ ಸಾಲದು. ‘ಎರಡು ವರ್ಷ’ ಎಂದು ವೈದ್ಯರು ಹೇಳುವುದು ಬಹುತೇಕ ಮಧ್ಯಮಾಂಕ: ಅರ್ಧ ಮಂದಿ ಅದಕ್ಕಿಂತ ಮೊದಲು, ಅರ್ಧ ಮಂದಿ ನಂತರ. ಕೇಳಿಸಿಕೊಂಡವರಿಗೆ ಅದು ಗಡುವಾಗಿ ಕೇಳುತ್ತದೆ. ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್‌ಗೆ 1982ರಲ್ಲಿ ಉದರಪೊರೆಯ ಬೇರೊಂದು ಕ್ಯಾನ್ಸರ್ ಬಂದಾಗ ಪುಸ್ತಕದ ಮಧ್ಯಮಾಂಕ ಎಂಟು ತಿಂಗಳು. ಅವರು ಇನ್ನೂ 20 ವರ್ಷ ಬದುಕಿದರು, ನಡುವೆ ಆ ಮಧ್ಯಮಾಂಕದ ಮೇಲೆಯೇ ಪ್ರಬಂಧ ಬರೆದರು. ನಮ್ಮ ರೋಗದಲ್ಲೇ ನೋಡಿದರೆ, ಕ್ಯಾಲಿಫೋರ್ನಿಯಾದ ನೋಂದಣಿಯಿಂದ 2015ರಲ್ಲಿ ಬಂದ ಲೆಕ್ಕದಲ್ಲಿ ಹತ್ತು ವರ್ಷ ದಾಟಿದ 3,582 ಮಹಿಳೆಯರಲ್ಲಿ 954 ಮಂದಿ ‘ಹೆಚ್ಚು ಅಪಾಯ’ದ ಪಟ್ಟಿಯಲ್ಲಿದ್ದವರು. ಏಳೂ ಪಂಥದವರು ಒಟ್ಟಿಗೆ ಕೂತಿದ್ದರೂ ಅವರನ್ನು ಹೆಸರು ಹಿಡಿದು ಕರೆಯಲಾಗುತ್ತಿರಲಿಲ್ಲ.

ಹಾಗಾದರೆ ಹೇಳುವುದು ಹೇಗೆ? ಸಿಡ್ನಿಯ ಬೆಲಿಂಡಾ ಕೈಲಿ ಮತ್ತು ಮಾರ್ಟಿನ್ ಸ್ಟಾಕ್ಲರ್ ಒಂದು ಸುಲಭ ಲೆಕ್ಕ ಕೊಟ್ಟಿದ್ದಾರೆ. ಮಧ್ಯಮಾಂಕ 24 ತಿಂಗಳೆಂದುಕೊಳ್ಳಿ. ಅದರ ಕಾಲುಭಾಗ, 6 ತಿಂಗಳು, ಕೆಟ್ಟ ಹತ್ತನೆಯ ಒಂದು ಪಾಲಿನವರಿಗೆ. ಅರ್ಧದಿಂದ ಎರಡರಷ್ಟು, ಅಂದರೆ 12ರಿಂದ 48 ತಿಂಗಳು, ಸುಮಾರು ಅರ್ಧ ಮಂದಿಗೆ. ಮೂರರಷ್ಟು, 72 ತಿಂಗಳು ದಾಟುವವರು ಹತ್ತರಲ್ಲಿ ಒಬ್ಬರು. ಮೂರನ್ನೂ ಹೇಳಿದರೆ ಸುಳ್ಳೂ ಇಲ್ಲ, ಗಡುವೂ ಇಲ್ಲ. ಕೆಟ್ಟದ್ದಕ್ಕೆ ಸಿದ್ಧತೆ, ಒಳ್ಳೆಯದಕ್ಕೆ ಜಾಗ ಎರಡೂ ಇರುತ್ತವೆ.

ಫಲಶ್ರುತಿ

ಈ ಪ್ರಕರಣವನ್ನು ಶ್ರದ್ಧೆಯಿಂದ ಓದಿದ ರೋಗಿ ಅಥವಾ ಬಂಧು, ಹೊಸ ಪರೀಕ್ಷೆಯ ಚೀಟಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳುವ ಶಕ್ತಿ ಪಡೆಯುತ್ತಾರೆ: ಇದರ ಉತ್ತರ ಹೌದಾದರೆ ಏನು ಬದಲಾಗುತ್ತದೆ, ಇಲ್ಲವಾದರೆ ಏನು ಬದಲಾಗುತ್ತದೆ, ಎರಡಕ್ಕೂ ಒಂದೇ ಉತ್ತರವಾದರೆ ಈ ದುಡ್ಡು ಯಾಕೆ? ವಿದ್ಯಾರ್ಥಿ ಓದಿದರೆ ಆರು ತಿಂಗಳ ಗೋಡೆಯನ್ನು ಗೋಡೆಯೆಂದೇ ನಂಬುವುದನ್ನು ಬಿಡುತ್ತಾನೆ. ಮಾದರಿ ಕಟ್ಟುವ ಸಂಶೋಧಕ ಓದಿದರೆ ಪ್ರಕಟಿಸುವ ಮೊದಲು ಜೀನುಗಳ ಪಟ್ಟಿಯ ಸಾಲನ್ನು ಒಮ್ಮೆ ಬೆರಳಿಟ್ಟು ನೋಡುತ್ತಾನೆ. ವೈದ್ಯರು ಓದಿದರೆ ಒಂಟಿ ಅಂಕಿ ಹೇಳುವ ಚಟ ಬಿಟ್ಟು ಮೂರು ಅಂಕಿ ಹೇಳಲು ಕಲಿಯುತ್ತಾರೆ. ಅದಕ್ಕೆ ಇನ್ನೂ ಐದು ನಿಮಿಷ ಬೇಕು. ಹೊರಗೆ ಸರದಿ ಉದ್ದವಿದೆ ಎಂಬ ಅವರ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ಪರಿಹಾರ ಭವಿಷ್ಯಶಾಸ್ತ್ರದಲ್ಲಿಲ್ಲ. ಇನ್ನೊಬ್ಬ ವೈದ್ಯರನ್ನು ನೇಮಿಸುವುದರಲ್ಲಿದೆ.